ಅರ್ಧಕ್ಕೆ ಆರಿದ ಸಿಗಾರ್ ಮತ್ತೆ ಹಚ್ಚೋದು ಹೇಗೆ: ಮಲೆನಾಡಿನ ಮಳೆಗಾಲಕ್ಕೊಂದು ಗೈಡ್

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಸಿಗಾರ್ ಸೇದೋ ಜನ ಕಮ್ಮಿ, ಆದ್ರೆ ಇರೋರೆಲ್ಲ ಜೂನ್ ಬಂತು ಅಂದ್ರೆ ಒಂದೇ ಗೋಳು ಹೇಳ್ತಾರೆ, ಹಚ್ಚಿದ್ದು ಅರ್ಧಕ್ಕೇ ಆರ್ ಹೋಗತ್ತೆ, ಮತ್ತೆ ಹಚ್ಚಿದ್ರೆ ಬಾಯೆಲ್ಲ ಕಹಿ, ಕೊನೆಗೆ ಬಿಸಾಕೋದೇ ಗತಿ ಅಂತ. ಬಿಸಾಕ್ಬೇಡಿ. ಒಂದೆರಡು ಗಂಟೆ ಒಳಗೆ ಕ್ರಮವಾಗಿ ಹಚ್ಚಿದ್ರೆ ಮೊದಲಿನ ರುಚಿ ಬಹುಪಾಲು ವಾಪಸ್ ಬರತ್ತೆ. ನೆಟ್‌ನಲ್ಲಿ ಸಿಗೋ ಗೈಡ್‌ಗಳು ಹೆಚ್ಚಿನವು ಒಣ ಹವೆ ಊರಿನೋರಿಗೆ ಬರೆದಿದ್ದು, ಸಿಗಾರ್ ಒಣಗದ ಹಾಗೆ ನೋಡ್ಕೊಳ್ಳಿ, ಹ್ಯೂಮಿಡಾರ್‌ಗೆ (ಸಿಗಾರ್ ಇಡೋ ಪೆಟ್ಟಿಗೆ) ನೀರು ಹಾಕ್ತಾ ಇರಿ ಅಂತ ಹೇಳ್ತಾವೆ. ನಮ್ಮಲ್ಲಿ ಪೂರ್ತಿ ಉಲ್ಟಾ, ನಮಗೆ ತೊಂದರೆ ಕೊಡೋದೇ ತೇವ. ಅದಕ್ಕೇ ಈ ಲೇಖನ ನಮ್ಮ ಹವೆಗೆ ತಕ್ಕ ಹಾಗೆ ಬರೀತಿದೀನಿ, ಎಲೆಯಿಂದ ಶುರು ಮಾಡಿ ಮತ್ತೆ ಹಚ್ಚೋ ತನಕ.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಸಿಗಾರ್ ಸೇಫ್ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಹೊಗೆ ಒಳಗೆ ಎಳ್ಕೊಳ್ಳದೇ ಇದ್ರೂ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಬರೋ ಅಪಾಯ ಇದ್ದೇ ಇದೆ, ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟ್‌ನಷ್ಟು ತಂಬಾಕು ಇರಬಹುದು. ಸೇದದೇ ಇರೋರು ಶುರು ಮಾಡ್ಬೇಕು ಅಂತ ಇದನ್ನ ಬರೀತಿಲ್ಲ. ಯಾವಾಗಲೋ ಒಮ್ಮೆ, ಬಿಡುವಾಗಿ ಕೂತು ಸೇದೋರಿಗೆ ಬರೀತಿದೀನಿ, ದಿನಾ ಸೇದೋ ವಸ್ತು ಇದಲ್ಲ. ಕರ್ನಾಟಕದಲ್ಲಿ 2025ರಲ್ಲಿ ಬಂದ ತಿದ್ದುಪಡಿ ಪ್ರಕಾರ 21 ವರ್ಷದ ಕೆಳಗಿನೋರಿಗೆ ತಂಬಾಕು ಮಾರೋ ಹಾಗಿಲ್ಲ, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ ದಂಡ 1000 ರೂಪಾಯಿ ತನಕ ಹೋಗತ್ತೆ. ಸೋ ಮನೆ ಜಗಲಿ, ತೋಟದ ಬಂಗಲೆ ವರಾಂಡ ಇಂಥ ಕಡೆನೇ ಸರಿ, ಅದೂ ಮಕ್ಕಳು, ಬಸುರಿ ಹೆಂಗಸರು ಹತ್ತಿರ ಇಲ್ಲದಾಗ.

ಎಲೆ ಬಗ್ಗೆ ಸ್ವಲ್ಪ

ಹಾಸನದೋರಿಗೆ ಹೊಗೆಸೊಪ್ಪು ಹೊಸದಲ್ಲ. ಅರಕಲಗೂಡು ಕಡೆ ಹೋದ್ರೆ ಹೊಲದ ಪಕ್ಕ ಬ್ಯಾರನ್ ಕಾಣಿಸ್ತಾವೆ, ರಾಮನಾಥಪುರದಲ್ಲಿ ತಂಬಾಕು ಮಂಡಳಿ ಹರಾಜು ಮಾರುಕಟ್ಟೆನೇ ಇದೆ. ಆದ್ರೆ ಅಲ್ಲಿ ಬೆಳೆಯೋದು ವರ್ಜೀನಿಯಾ ತಂಬಾಕು, ಬ್ಯಾರನ್ ಒಳಗೆ ಬಿಸಿಗಾಳಿ ಕೊಟ್ಟು ಕೆಲವೇ ದಿನದಲ್ಲಿ ಹದ ಮಾಡಿ ಹಳದಿ ಬಣ್ಣಕ್ಕೆ ತರ್ತಾರೆ, ಅದು ಹೋಗೋದು ಸಿಗರೇಟ್‌ಗೆ. ಸಿಗಾರ್ ಎಲೆ ಕಥೆ ಬೇರೆ. ಕ್ಯೂಬಾ, ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್ ಈ ದೇಶಗಳಲ್ಲಿ ಎಲೆನ ನೆರಳಲ್ಲಿ ಗಾಳಿಗೆ ತೂಗುಹಾಕಿ ವಾರಗಟ್ಟಲೆ ಒಣಗಿಸ್ತಾರೆ, ಆಮೇಲೆ ದೊಡ್ಡ ದೊಡ್ಡ ರಾಶಿ ಹಾಕಿ ಹುದುಗು ಬರಿಸ್ತಾರೆ, ರಾಶಿ ಒಳಗೆ ತಾನಾಗೇ ಬಿಸಿ ಏರತ್ತೆ, ಎಲೆಯಲ್ಲಿರೋ ಅಮೋನಿಯ ಹೊರಗೆ ಹೋಗತ್ತೆ, ಒರಟು ಘಾಟು ಇಳಿಯತ್ತೆ, ಬಣ್ಣ ಕಂದು ಆಗತ್ತೆ. ಇದಕ್ಕೆ ತಿಂಗಳುಗಟ್ಟಲೆ ಹಿಡಿಯತ್ತೆ, ಕೆಲವು ಎಲೆಗೆ ವರ್ಷಗಳೇ ಬೇಕು. ದುಡ್ಡು ಕೊಡೋದು ಈ ಟೈಮ್‌ಗೆ.

ಪ್ರೀಮಿಯಂ ಅಂತ ಕರಿಯೋದು ಕೈಯಲ್ಲೇ ಸುತ್ತಿದ್ದನ್ನ. ಒಳಗೆ ಉದ್ದಕ್ಕೆ ಇಡೀ ಎಲೆಗಳು, ಅದನ್ನ ಹಿಡಿದಿಡೋಕೆ ಬೈಂಡರ್ ಅನ್ನೋ ಎಲೆ, ಮೇಲೆ ನುಣುಪಾದ ರ್‍ಯಾಪರ್. ಅಗ್ಗದ ಮೆಷಿನ್ ಸಿಗಾರ್‌ನಲ್ಲಿ ಒಳಗೆ ಪುಡಿ ಚೂರು ತುಂಬಿರ್ತಾರೆ, ಬೇಗ ಉರಿಯತ್ತೆ, ಬಿಸಿ ಬರತ್ತೆ, ಬಾಯಿಗೆ ಚೂರು ಬರತ್ತೆ, ಮತ್ತೆ ಹಚ್ಚಿದ್ರಂತೂ ಸುಖ ಇಲ್ಲ. ಮತ್ತೆ ಹಚ್ಚೋ ಮಾತು ಆಡೋದಾದ್ರೆ ಇಡೀ ಎಲೆದೇ ಬೇಕು.

ಯಾವ ಸೈಜ್? ದಪ್ಪನ ರಿಂಗ್ ಗೇಜ್ ಅಂತ ಅಳೀತಾರೆ, ಒಂದು ಇಂಚಿನ 64ನೇ ಒಂದು ಭಾಗ ಒಂದು ರಿಂಗ್. 50 ರಿಂಗ್ ಅಂದ್ರೆ ಹತ್ತಿರ ಹತ್ತಿರ 20 ಮಿಲಿಮೀಟರ್. ರೊಬಸ್ಟೊ ಅಂದ್ರೆ ಸುಮಾರು 5 ಇಂಚು ಉದ್ದ, 50 ರಿಂಗ್ ದಪ್ಪ, ಮುಗಿಯೋಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಚರ್ಚಿಲ್ ಅಂದ್ರೆ 7 ಇಂಚು, ಅದಕ್ಕೆ ಒಂದೂವರೆ ಗಂಟೆ ಮೇಲೆ ಬೇಕು. ಸುಮಾರು ಜನ ದೊಡ್ಡದು ತಗೊಂಡು ಅರ್ಧಕ್ಕೆ ಬಿಡ್ತಾರೆ, ಅದರ ಬದಲು ನಿಮ್ಮ ಹತ್ರ ಎಷ್ಟು ಹೊತ್ತು ಇದೆ ಅಂತ ನೋಡ್ಕೊಂಡು ಸೈಜ್ ತಗೊಳ್ಳಿ. ಹೊಸಬರಿಗೆ ತಿಳಿ ಬಣ್ಣದ ಕನೆಕ್ಟಿಕಟ್ ರ್‍ಯಾಪರ್ ಇರೋ ರೊಬಸ್ಟೊ ಅಥವಾ ಕೊರೋನಾ ಅನ್ನೋ ತೆಳು ಸೈಜ್ ಸಾಕು, ಮೈಲ್ಡ್ ಇರತ್ತೆ.

ಕೊಳ್ಳುವಾಗ ಹುಷಾರು. ಕೊಹಿಬಾ, ಮಾಂಟೆಕ್ರಿಸ್ಟೊ ಅನ್ನೋ ಕ್ಯೂಬನ್ ಬ್ರ್ಯಾಂಡ್ ಹೆಸರಲ್ಲಿ ಡುಪ್ಲಿಕೇಟ್ ಹಾವಳಿ ಬಹಳ, ಮುಚ್ಚಳ ಗಾಜಿನದು ಇರೋ ಕೊಹಿಬಾ ಬಾಕ್ಸ್ ಕಂಡ್ರೆ ಎದ್ದು ಬನ್ನಿ, ಅದು ನಕಲಿನೇ. ಅಸಲಿ ಕ್ಯೂಬನ್ ಬಾಕ್ಸ್ ಮೇಲೆ ಹಸಿರು ಬಣ್ಣದ ಸರ್ಕಾರಿ ಸೀಲ್ ಇರತ್ತೆ, ಅದರ ಬಾರ್‌ಕೋಡ್ ನಂಬರ್ ಹಬಾನೋಸ್ ಕಂಪನಿ ಸೈಟ್‌ನಲ್ಲಿ ಹಾಕಿ ಚೆಕ್ ಮಾಡ್ಬಹುದು. ನಮ್ಮ ದೇಶದಲ್ಲಿ ಕಾನೂನು ಪ್ರಕಾರ ಬಂದ ಪ್ಯಾಕ್ ಆದ್ರೆ ಮೇಲೆ ಶೇಕಡ 85 ಭಾಗ ಎಚ್ಚರಿಕೆ ಚಿತ್ರ ಇರ್ಲೇಬೇಕು.

ಮಳೆಗಾಲದಲ್ಲಿ ಇಡೋದು

ಈ ಭಾಗ ಸರಿ ಮಾಡ್ಕೊಂಡ್ರೆ ಅರ್ಧ ತೊಂದರೆ ಇಲ್ಲೇ ಮುಗಿಯತ್ತೆ. ಸಿಗಾರ್‌ಗೆ ಬೇಕಾಗಿರೋ ತೇವ ಶೇಕಡ 65ರಿಂದ 70. ಆರಿದ್ರಾ ಮಳೆ ಹಿಡಿದ ಮೇಲೆ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಮನೆ ಒಳಗೇ 90 ದಾಟತ್ತೆ, ಬೀರುವಿನಲ್ಲಿರೋ ಬೆಲ್ಟಿಗೂ ಬೂಸಲು ಬರತ್ತೆ, ಇನ್ನು ಎಲೆ ಬಿಡತ್ತಾ. ಮೇಜಿನ ಮೇಲೆ ಬಿಟ್ಟ ಸಿಗಾರ್ ರಾತ್ರಿ ಕಳೆಯೋದ್ರೊಳಗೆ ಉಬ್ಬತ್ತೆ, ಒತ್ತಿದ್ರೆ ಮೆತ್ತಗೆ ಒಳಗೆ ಹೋಗಿ ಹಾಗೇ ಗುಳಿ ಉಳಿಯತ್ತೆ. ಅಂಥದ್ದನ್ನ ಹಚ್ಚಿದ್ರೆ ಎಳೆಯೋಕೆ ಬರಲ್ಲ, ಒಂದು ಪಕ್ಕ ಮಾತ್ರ ಉರಿಯತ್ತೆ, ಒಳಗಿನ ಎಲೆ ಹಿಗ್ಗಿ ಮೇಲಿನ ರ್‍ಯಾಪರ್ ಸೀಳತ್ತೆ, ಪದೇ ಪದೇ ಆರತ್ತೆ. ಇಷ್ಟು ದುಡ್ಡು ಕೊಟ್ಟು ತಂದು ಹೀಗೆ ಇಟ್ಟರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೇ.

ಮರದ ಹ್ಯೂಮಿಡಾರ್ ನೋಡೋಕೆ ಚಂದ, ಆದ್ರೆ ನಮ್ಮ ಮಳೆಗೆ ರಬ್ಬರ್ ಗ್ಯಾಸ್ಕೆಟ್ ಇರೋ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿನೇ ವಾಸಿ, ಅಡುಗೆಮನೆಗೆ ತರ್ತೀವಲ್ಲ ಕ್ಲಿಪ್ ಹಾಕೋ ಡಬ್ಬಿ, ಅದೇ. ಹೊಸದೇ ಇರ್ಲಿ, ಮಸಾಲೆ ವಾಸನೆ ಇರಬಾರದು. ಒಳಗೆ 65 ಅಂತ ಬರೆದಿರೋ ಬೊವೆಡಾ ಪ್ಯಾಕ್ ಹಾಕಿ. ಅದು ತೇವ ಕಮ್ಮಿ ಆದ್ರೆ ಬಿಡತ್ತೆ, ಜಾಸ್ತಿ ಆದ್ರೆ ಹೀರ್ಕೊಳ್ಳತ್ತೆ, ಎರಡೂ ಕೆಲಸ ಮಾಡತ್ತೆ, ನಮಗೆ ಬೇಕಾಗಿರೋದು ಹೀರ್ಕೊಳ್ಳೋ ಕೆಲಸ. ಹೀರಿ ಹೀರಿ ಪ್ಯಾಕ್ ದಪ್ಪ ಉಬ್ಬಿದ್ರೆ ಬದಲಾಯಿಸಿ. ಸ್ಪಾಂಜ್, ನೀರಿನ ಬಟ್ಟಲು ಇವೆಲ್ಲ ಮಳೆಗಾಲದಲ್ಲಿ ಬೇಡವೇ ಬೇಡ.

ಡಬ್ಬಿ ಒಳಗೊಂದು ತೇವ ಅಳೆಯೋ ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ ಇಡಿ, ಆದ್ರೆ ಅದು ತೋರಿಸೋ ನಂಬರ್ ಹಾಗೇ ನಂಬಬೇಡಿ. ಮನೇಲೇ ಚೆಕ್ ಮಾಡೋದು ಸುಲಭ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ನಾಲ್ಕೈದು ಹನಿ ನೀರು ಬಿಟ್ಟು ಒದ್ದೆ ಮರಳಿನ ಹದ ಮಾಡಿ, ಕರಗೋಷ್ಟು ನೀರು ಬೇಡ. ಅದನ್ನೂ ಮೀಟರ್‌ನೂ ಒಂದು ಜಿಪ್ ಕವರ್‌ಗೆ ಹಾಕಿ ಗಟ್ಟಿ ಮುಚ್ಚಿ ಒಂದು ದಿನ ಬಿಡಿ. ಒದ್ದೆ ಉಪ್ಪಿನ ಸುತ್ತ ಮುಚ್ಚಿದ ಗಾಳಿ ಶೇಕಡ 75ಕ್ಕೆ ಬಂದು ನಿಲ್ಲತ್ತೆ. ಮೀಟರ್ 80 ತೋರಿಸ್ತಿದ್ರೆ ಅದು 5 ಜಾಸ್ತಿ ಹೇಳ್ತಿದೆ ಅಂತ ಲೆಕ್ಕ, ಇನ್ಮುಂದೆ ಅಷ್ಟು ಕಳೆದು ಓದಿ.

ಬೂಸಲು ಬಂದಿದ್ರೆ? ಬಿಳಿ ಪುಡಿ ಬಂದ್ರೆ ಒಳ್ಳೇದು, ಹಣ್ಣಾಗಿದೆ ಅಂತ ಹೇಳೋರಿದಾರೆ, ನನಗಂತೂ ಆ ಮಾತು ಒಪ್ಪಿಗೆ ಇಲ್ಲ, ನಮ್ಮ ಹವೆಯಲ್ಲಿ ಅದು ಬೂಸಲು ಅಂತಲೇ ತಿಳ್ಕೊಳ್ಳಿ. ಹಸಿರು, ನೀಲಿ, ಕೂದಲು ಕೂದಲಾಗಿ ಇದ್ರೆ ಅಥವಾ ಹಚ್ಚೋ ತುದಿಯ ಒಳಗೆ ಕಂಡ್ರೆ ಎಸೀರಿ. ಬೇಸಿಗೆಯಲ್ಲಿ ಬೇರೆ ಕಾಟ, 25 ಡಿಗ್ರಿ ದಾಟಿದ ಮೇಲೆ ತಂಬಾಕಿನ ಹುಳ ಮೊಟ್ಟೆ ಒಡೆಯೋ ಸಾಧ್ಯತೆ ಜಾಸ್ತಿ, ಸೂಜಿ ಚುಚ್ಚಿದ ಹಾಗೆ ಸಣ್ಣ ತೂತು ಕಾಣತ್ತೆ. ಕಡೂರು, ಅರಸೀಕೆರೆ ಕಡೆ ಇರೋರು ಮಾರ್ಚ್, ಏಪ್ರಿಲ್‌ನಲ್ಲಿ ಡಬ್ಬಿನ ಮನೆಯ ತಂಪು ಕೋಣೆಯಲ್ಲಿ ನೆಲದ ಹತ್ರ ಇಡಿ.

ಕತ್ತರಿಸೋದು, ಹಚ್ಚೋದು

ಬಾಯಿಗಿಡೋ ತುದಿಯಲ್ಲಿ ಟೋಪಿ ಹಾಗೆ ಒಂದು ಎಲೆ ಅಂಟಿಸಿರ್ತಾರೆ. ಅದರ ಗುಂಡು ಮುಗಿದು ನೇರ ಆಗೋ ಗೆರೆಗಿಂತ ಮೇಲೆ, ಒಂದೆರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಗೆರೆ ದಾಟಿದ್ರೆ ರ್‍ಯಾಪರ್ ಪೂರ್ತಿ ಬಿಚ್ಕೊಳ್ಳತ್ತೆ. ಎರಡು ಬ್ಲೇಡ್ ಇರೋ ಕಟರ್ ಆದ್ರೆ ಒಂದೇ ಏಟಿಗೆ, ನಿಧಾನ ಒತ್ತಬೇಡಿ. ಅಡಿಕೆ ಕತ್ತರಿ, ಹಲ್ಲು ಎರಡೂ ಬೇಡ. ಹಚ್ಚೋ ಮುಂಚೆ ಒಮ್ಮೆ ಹಾಗೇ ಎಳೆದು ನೋಡಿ, ಗಾಳಿ ಬರಬೇಕು, ಸ್ವಲ್ಪ ಮಾತ್ರ ತಡೆ ಇರಬೇಕು.

ಬೆಂಕಿಗೆ ಬ್ಯೂಟೇನ್ ಲೈಟರ್ ಉತ್ತಮ. ಸೀಮೆಎಣ್ಣೆ ವಾಸನೆ ಬರೋ ಬತ್ತಿ ಲೈಟರ್, ಮೇಣದಬತ್ತಿ, ಗ್ಯಾಸ್ ಸ್ಟೌವ್ ಉರಿ ಇವೆಲ್ಲ ರುಚಿ ಕೆಡಿಸ್ತಾವೆ. ಬೆಂಕಿಕಡ್ಡಿ ಆದ್ರೆ ಗಂಧಕದ ತಲೆ ಪೂರ್ತಿ ಉರಿದು ಹೋಗೋ ತನಕ ಕಾಯಿರಿ, ಆಮೇಲೆ ಬರೀ ಮರದ ಉರಿಯಲ್ಲಿ ಹಚ್ಚಿ. ಮಳೆಗಾಲದಲ್ಲಿ ನಮ್ಮ ಕಡೆ ಬೆಂಕಿಪೊಟ್ಟಣವೇ ಮೆತ್ತಗಾಗಿರತ್ತೆ ಅನ್ನೋದು ಬೇರೆ ಮಾತು, ಲೈಟರ್ ಇಟ್ಕೊಳ್ಳಿ.

ಬಾಯಿಗಿಡೋ ಮುಂಚೆ ತುದಿ ಕಾಯಿಸ್ಬೇಕು. ಸಿಗಾರ್‌ನ ಓರೆಯಾಗಿ ಹಿಡ್ದು, ಉರಿ ತುದಿಗೆ ತಾಗದ ಹಾಗೆ ಸ್ವಲ್ಪ ದೂರದಲ್ಲಿಟ್ಟು ನಿಧಾನ ತಿರುಗಿಸ್ತಾ ಹೋಗಿ. ಮೊದಲು ಅಂಚು ಕಪ್ಪಾಗತ್ತೆ, ತೆಳುವಾಗಿ ಹೊಗೆ ಏಳತ್ತೆ, ಸ್ವಲ್ಪ ಹೊತ್ತಿಗೆ ಸುತ್ತಲೂ ಸಣ್ಣ ಕೆಂಪು ಬಳೆ ಕಾಣತ್ತೆ. ಬಾಯಿಂದ ಮೆಲ್ಲಗೆ ಊದಿದ್ರೆ ಎಲ್ಲಿ ಕೆಂಪಾಗಿದೆ, ಎಲ್ಲಿ ಇನ್ನೂ ಕಪ್ಪಾಗೇ ಇದೆ ಅಂತ ಗೊತ್ತಾಗತ್ತೆ, ಕಪ್ಪು ಉಳಿದ ಕಡೆ ಮಾತ್ರ ಮತ್ತೆ ಉರಿ ತೋರಿಸಿ. ಆಮೇಲೆ ಬಾಯಿಗಿಟ್ಟು, ಉರಿ ಇನ್ನೂ ಸ್ವಲ್ಪ ದೂರದಲ್ಲೇ ಇಟ್ಟು, ತಿರುಗಿಸ್ತಾ ಎರಡು ಮೂರು ಸಲ ಎಳೀರಿ. ಇಷ್ಟು ತಾಳ್ಮೆಯಿಂದ ಹಚ್ಚಿದ್ದು ಅರ್ಧಕ್ಕೆ ಆರೋದೂ ಕಮ್ಮಿ.

ಸೇದುವಾಗ

ಹೊಗೆ ಬಾಯಲ್ಲಿ ಮಾತ್ರ ಇರಬೇಕು, ಎದೆಗೆ ಎಳ್ಕೋಬಾರದು. ನಿಮಿಷಕ್ಕೆ ಒಂದು ಸಲ ಸಾಕು. ಪಟಪಟ ಎಳೆದ್ರೆ ಬಿಸಿ ಏರಿ ಕಹಿ ಬರತ್ತೆ, ತುಂಬಾ ಹೊತ್ತು ಮರೆತ್ರೆ ಆರತ್ತೆ. ಮಳೆ ಹೊಡೀತಿರುವಾಗ ನಿಮಿಷಕ್ಕಿಂತ ಸ್ವಲ್ಪ ಮುಂಚೆನೇ ಎಳೀಬೇಕಾಗತ್ತೆ. ಬೂದಿನ ಪದೇ ಪದೇ ತಟ್ಟಬೇಡಿ, ಒಂದು ಇಂಚು ಹತ್ತಿರ ಬರೋ ತನಕ ಬಿಡಿ, ಬೂದಿ ತುದಿಗೆ ಹೊದಿಕೆ ಆಗಿರತ್ತೆ, ಉರಿ ತಣ್ಣಗಿಡತ್ತೆ. ಒಂದು ಪಕ್ಕ ಹಿಂದೆ ಬಿದ್ರೆ ಆ ಪಕ್ಕಕ್ಕೆ ಮಾತ್ರ ಲೈಟರ್ ತೋರಿಸಿ ಸರಿ ಮಾಡಿ.

ಖಾಲಿ ಹೊಟ್ಟೆಯಲ್ಲಿ ಖಂಡಿತ ಬೇಡ. ಕಡುಬು, ಕೋಳಿ ಸಾರು ಉಂಡು ಅರ್ಧ ಗಂಟೆ ಆದ್ಮೇಲೆ ಆದ್ರೆ ಸರಿ. ತಲೆ ಸುತ್ತು, ಬೆವರು, ವಾಕರಿಕೆ ಬಂದ್ರೆ ಅದು ನಿಕೋಟಿನ್, ಅಲ್ಲಿಗೇ ನಿಲ್ಲಿಸಿ, ನೀರು ಕುಡೀರಿ, ಬೆಲ್ಲದ ಪಾನಕನೋ ನಿಂಬೆ ಶರಬತ್ತೋ ಸ್ವಲ್ಪ ಕುಡಿದು ತಂಪು ಗಾಳಿಯಲ್ಲಿ ಕೂತ್ಕೊಳ್ಳಿ. ಜೊತೆಗೆ ಕುಡಿಯೋಕೆ ನಮ್ಮ ಊರಲ್ಲಿ ಹುಡುಕೋದೇ ಬೇಡ. ವಿಸ್ಕಿ ಬೇಕು ಅಂತಾರೆ ಕೆಲವರು, ನನ್ನ ಮಟ್ಟಿಗೆ ಚಿಕೋರಿ ಇಲ್ಲದ ಅರೇಬಿಕಾ ಡಿಕಾಕ್ಷನ್‌ಗೆ ಸ್ವಲ್ಪ ಬೆಲ್ಲ ಹಾಕಿ, ಹಾಲಿಲ್ಲದೇ ಕುಡಿಯೋದಕ್ಕಿಂತ ಒಳ್ಳೆ ಜೋಡಿ ಇಲ್ಲ. ಕಪ್ಪು ರ್‍ಯಾಪರ್ ಮಡೂರೊದಲ್ಲಿರೋ ಕೋಕೋ ರುಚಿ ಈ ಬೆಲ್ಲದ ಕಾಫಿ ಜೊತೆಗೇ ಸರಿಯಾಗಿ ಗೊತ್ತಾಗೋದು. ಬಾಬಾಬುಡನ್‌ಗಿರಿ ತಪ್ಪಲಲ್ಲಿ ಕೂತು ಕಾಫಿ ಬಿಟ್ಟು ಬೇರೆ ಯಾಕೆ ಹುಡುಕ್ಬೇಕು ಹೇಳಿ.

ಆರಿದ ಮೇಲೆ

ಈಗ ಮುಖ್ಯ ವಿಷಯ. ಮಧ್ಯೆ ಎದ್ದು ಹೋಗ್ಬೇಕಾಯ್ತು ಅಂತಿಟ್ಕೊಳ್ಳಿ, ಕಣದಲ್ಲಿ ಕಾಫಿ ಹರಡಿದೆ, ಮೋಡ ಕಟ್ತು, ತೋಟದ ಲೆಕ್ಕ ನೋಡೋ ರೈಟರ್ ಬಂದು ‘ಸಾರ್, ಟಾರ್ಪಾಲ್ ಎಳೀಬೇಕು, ಬನ್ನಿ’ ಅಂತ ಕರೀತಾರೆ. ಸಿಗರೇಟ್ ಹಾಗೆ ಒತ್ತಿ ಆರಿಸ್ಬೇಡಿ. ಒತ್ತಿದ್ರೆ ಎಲೆ ಜಜ್ಜತ್ತೆ, ಹೊಗೆ ಹೋಗೋ ದಾರಿ ಮುಚ್ಚತ್ತೆ, ಸುಟ್ಟ ಘಾಟು ಹಿಂದಕ್ಕೆ ಹೋಗತ್ತೆ. ಬೇರೇನೂ ಮಾಡ್ಬೇಕಾಗಿಲ್ಲ, ಸಿಗಾರ್ ಒಳಗಿನ ಹೊಗೆ ಹೊರಗೆ ಹೋಗೋ ಹಾಗೆ ಒಂದು ಸಲ ಮೆಲ್ಲಗೆ ಊದಿ, ಆಶ್‌ಟ್ರೇ ಮೇಲೆ ಮಲಗಿಸಿ, ತಾನಾಗೇ ಆರತ್ತೆ. ಮಳೆ ಹನಿ ಬೀಳದ ಕಡೆ ಇಡಿ ಅಷ್ಟೇ.

ಕಹಿ ಯಾಕೆ ಬರತ್ತೆ ಅಂತ ತಿಳ್ಕೊಂಡ್ರೆ ಮುಂದಿನದು ಸುಲಭ. ಉರೀತಿರುವಾಗ ಹೊಗೆಯಲ್ಲಿರೋ ತಾರು, ಅಮೋನಿಯ, ನೀರಿನ ಆವಿ ಇವೆಲ್ಲ ತುದಿಯಿಂದ ಹಿಂದಕ್ಕೆ ಸರಿದು ತಣ್ಣಗಿರೋ ಎಲೆ ಮೇಲೆ ಕೂರ್ತಾವೆ. ಬಿಸಿ ಇರೋ ತನಕ ಅಷ್ಟು ಗೊತ್ತಾಗಲ್ಲ, ಆರಿ ತಣ್ಣಗಾದ ಮೇಲೆ ಎಲೆಗೆ ಇಳಿಯತ್ತೆ. ಹೊತ್ತು ಹೋದಷ್ಟೂ ಆಳಕ್ಕೆ ಇಳಿಯತ್ತೆ. ಅದಕ್ಕೇ ಐದು ಹತ್ತು ನಿಮಿಷದಲ್ಲಿ ಹಚ್ಚಿದ್ರೆ ವ್ಯತ್ಯಾಸವೇ ತಿಳಿಯಲ್ಲ, ಒಂದೆರಡು ಗಂಟೆ ಆದ್ರೂ ಪರವಾಗಿಲ್ಲ, ರಾತ್ರಿ ಪೂರ್ತಿ ಕಳೆದ್ರೆ ಹಳಸು ವಾಸನೆ ಬಂದೇ ಬರತ್ತೆ.

ಹಚ್ಚೋ ಕ್ರಮ ಹೀಗೆ. ಮೊದಲು ಬೂದಿ ಪೂರ್ತಿ ತೆಗೀರಿ. ಆಶ್‌ಟ್ರೇ ಅಂಚಿಗೆ ತುದಿ ಇಟ್ಟು ನಿಧಾನ ತಿರುಗಿಸಿದ್ರೆ ಬೂದಿ ಉದುರಿ ಒಳಗಿನ ಕಪ್ಪು ಇದ್ದಿಲು ಕಾಣತ್ತೆ, ಸಡಿಲ ಇರೋ ಇದ್ದಿಲನ್ನ ಬೆಂಕಿಕಡ್ಡಿ ಹಿಂಭಾಗದಿಂದ ಕೆರೆದು ಹಾಕಿ. ಬೂದಿ ಮೇಲೇ ಉರಿ ಕೊಟ್ರೆ ಬೆಂಕಿ ಎಲೆಗೆ ತಲುಪಲ್ಲ, ಜನ ಸುಮ್ನೆ ಜೋರಾಗಿ ಎಳೀತಾರೆ, ಆ ಎಳೆತಕ್ಕೇ ಹಳೇ ಘಾಟೆಲ್ಲ ಬಾಯಿಗೆ ಬರತ್ತೆ.

ಆಮೇಲೆ ಉರಿ ಹಚ್ಚಿ ತುದಿ ಕಾಯಿಸಿ, ಮೊದಲ ಸಲ ಮಾಡಿದ ಹಾಗೇ, ಅಂಚಿನ ಸುತ್ತ ತಿರುಗಿಸ್ತಾ. ಒಂದು ವ್ಯತ್ಯಾಸ ಮಾತ್ರ ಇದೆ, ಮೊದಲು ಎಳೀಬೇಡಿ, ಊದಿ. ಸಿಗಾರ್ ಬಾಯಲ್ಲಿಟ್ಟು ತುದಿಗೆ ಉರಿ ಹಿಡಿದುಕೊಂಡೇ ಒಳಗಿಂದ ಹೊರಗೆ ಮೆಲ್ಲಗೆ ಉದ್ದಕ್ಕೆ ಊದಿ. ಹಾಗೆ ಊದುವಾಗ ತುದಿಯಲ್ಲಿ ಉರಿ ಒಂದು ಸಲ ಭಗ್ ಅಂತ ಉದ್ದ ಆಗತ್ತೆ, ಒಳಗೆ ಕೂತಿದ್ದ ಅನಿಲ ಹೊರಗೆ ಬಂದು ಉರಿಯೋದು ಅದು, ಗಾಬರಿ ಬೇಡ, ಆದ್ರೆ ಮೀಸೆ ಗಡ್ಡ ಇರೋರು ಮುಖ ಹಿಂದಕ್ಕೆ ಇಟ್ಕೊಳ್ಳಿ. ಎರಡು ಮೂರು ಸಲ ಊದಿದ ಮೇಲೆ ಉರಿ ಉದ್ದ ಆಗೋದು ನಿಲ್ಲತ್ತೆ, ಬರೋ ಹೊಗೆ ಬಣ್ಣನೂ ತಿಳಿ ಆಗತ್ತೆ, ಅಲ್ಲಿಗೆ ಒಳಗೆ ಕ್ಲೀನ್ ಆಯ್ತು ಅಂತ ಅರ್ಥ. ಈಗ ಲೈಟರ್ ದೂರ ಇಟ್ಟು ಸಣ್ಣದಾಗಿ ಎಳೀರಿ. ಮೊದಲ ಎರಡು ಮೂರು ಎಳೆತ ಒರಟಾಗೇ ಇರತ್ತೆ, ಬಾಯಲ್ಲಿ ಇಟ್ಕೊಳ್ಳದೇ ಬಿಟ್ಬಿಡಿ. ನಾಲ್ಕೈದಕ್ಕೆ ರುಚಿ ಕೂರತ್ತೆ. ಕೂರ್ಲಿಲ್ಲ, ಇನ್ನೂ ಸುಟ್ಟ ಕಹಿನೇ ಇದೆ ಅಂದ್ರೆ ಮುಂದುವರಿಸ್ಬೇಡಿ, ಅದು ಮುಗಿದಿದೆ.

ಕೊನೆ ಮೂರನೇ ಒಂದು ಭಾಗ ಮಾತ್ರ ಉಳಿದಿದ್ರೆ ಮತ್ತೆ ಹಚ್ಚೋ ಗೋಜಿಗೆ ಹೋಗ್ಬೇಡಿ. ತಾರು ಎಲ್ಲ ಅಲ್ಲೇ ಸೇರಿರತ್ತೆ, ನಿಕೋಟಿನ್ ಹೊಡೆತನೂ ಅಲ್ಲೇ ಜಾಸ್ತಿ.

ನಾಳೆಗೆ ಇಡೋದಾದ್ರೆ

ಕಾಲು ಭಾಗ ಕೂಡ ಸೇದಿಲ್ಲ, ಕರೆಂಟ್ ಹೋಯ್ತು, ನೆಂಟರು ಬಂದ್ರು, ಏನೋ ಆಯ್ತು, ಇಂಥದ್ದನ್ನ ಮಾತ್ರ ನಾಳೆಗೆ ಇಡಬಹುದು. ಪೂರ್ತಿ ಆರಿದೆ ಅಂತ ಖಾತ್ರಿ ಆದ್ಮೇಲೆ ಸುಟ್ಟ ಭಾಗವನ್ನ, ಕಪ್ಪು ಗೆರೆಗಿಂತ ಅರ್ಧ ಇಂಚು ಹಿಂದಕ್ಕೆ, ಚೂಪಾದ ಕಟರ್‌ನಿಂದ ಕತ್ತರಿಸಿ ತೆಗೀರಿ. ತಾರು ಕೂತ ಭಾಗ ಹೋಗತ್ತೆ, ಅದೇ ಲಾಭ. ಉಳಿದಿದ್ದನ್ನ ಗಾಜಿನ ಚಿಕ್ಕ ಬಾಟಲಿಗೋ ಸಿಗಾರ್ ಬಂದ ಅಲ್ಯೂಮಿನಿಯಂ ಟ್ಯೂಬ್‌ಗೋ ಹಾಕಿ ಮುಚ್ಚಿ ಬೇರೆ ಇಡಿ. ಮಿಕ್ಕ ಸಿಗಾರ್ ಇರೋ ಡಬ್ಬಿಗೆ ಮಾತ್ರ ಹಾಕ್ಬೇಡಿ, ಒಂದರ ಹಳಸು ವಾಸನೆ ಎಲ್ಲಕ್ಕೂ ಹಿಡಿಯತ್ತೆ, ಆ ವಾಸನೆ ತೆಗೆಯೋಕೆ ಆಗಲ್ಲ. ಮಾರನೇ ದಿನ ಸೇದಿಬಿಡಿ, ಅದಕ್ಕಿಂತ ಮುಂದಕ್ಕೆ ಹಾಕೋದ್ರಲ್ಲಿ ಅರ್ಥ ಇಲ್ಲ. ಮೊದಲಿನ ರುಚಿ ಇರಲ್ಲ, ಸ್ವಲ್ಪ ಒರಟು ಬರತ್ತೆ, ಆದ್ರೂ ದಪ್ಪ ರಿಂಗ್‌ದು ಆದ್ರೆ ಸೇದೋ ಹಾಗಿರತ್ತೆ.

ಮುಗಿದ ಮೇಲೆ

ತುಂಡನ್ನ ತೋಟಕ್ಕೆ, ಧರೆ ಕೆಳಗೆ, ಜೀಪ್ ಕಿಟಕಿಯಿಂದ ಎಸಿಯೋದು ದೊಡ್ಡ ತಪ್ಪು. ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬರೋ ಮುಂಚೆ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ ಸುತ್ತ ಗುಡ್ಡದ ಹುಲ್ಲು ಒಣಗಿ ನಿಂತಿರತ್ತೆ, ಒಂದು ಕಿಡಿ ಸಾಕು ಶೋಲಾ ಕಾಡಿನ ಅಂಚಿನ ತನಕ ಹತ್ಕೊಳ್ಳೋಕೆ. ಸಿಗಾರ್ ಒಳಗೆ ಕೆಂಡ ಬಹಳ ಹೊತ್ತು ಇರತ್ತೆ, ಮೇಲೆ ಆರಿದ ಹಾಗೆ ಕಂಡ್ರೂ. ಅರಣ್ಯದ ಹತ್ರ, ವ್ಯೂ ಪಾಯಿಂಟ್‌ನಲ್ಲಿ ಸೇದಲೇಬೇಡಿ, ಆ ವಿಷಯದಲ್ಲಿ ನನಗೆ ರಾಜಿ ಇಲ್ಲ. ಮನೇಲಿ ಆದ್ರೆ ಮುಚ್ಚಳ ಇರೋ ಹಳೇ ತಗಡಿನ ಡಬ್ಬಿಗೆ ಅರ್ಧ ನೀರು ತುಂಬಿ ಅದರೊಳಗೆ ಹಾಕಿ, ಮುಚ್ಚಳ ಗಟ್ಟಿ ಮುಚ್ಚಿ, ಎತ್ತರದಲ್ಲಿಡಿ. ಆ ನೀರಲ್ಲಿ ನಿಕೋಟಿನ್ ಇಳಿದಿರತ್ತೆ, ನಾಯಿ ಕುಡಿದ್ರೂ, ತುಂಡು ತಿಂದ್ರೂ ವಿಷ, ಮಕ್ಕಳಿಗೂ ಅಷ್ಟೇ. ನಾಯಿ ಬಾಯಿ ಹಾಕಿದೆ ಅಂತ ಗೊತ್ತಾದ್ರೆ ವಾಂತಿ ಮಾಡಲಿ ನೋಡೋಣ ಅಂತ ಕಾಯದೇ ಸೀದಾ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಎಷ್ಟು ತಿಂದಿದೆ, ಯಾವಾಗ ತಿಂದಿದೆ ಅಂತ ಡಾಕ್ಟರ್‌ಗೆ ಹೇಳಿ.